ಗೋಧಿಯ ಬೇರು, ಭಾನುವಿನ ವರದಿ

"ನನ್ನ ಸಸಿ ಕಿತ್ತವರು ಯಾರು?"

ಶೈಲಜಾಳ ದನಿಗೆ ಬೊಮ್ಮಸಂದ್ರದ ಆ ಪುಟ್ಟ ಲ್ಯಾಬಿನವರೆಲ್ಲ ತಿರುಗಿ ನೋಡಿದರು. ಮೈಕ್ರೋಸ್ಕೋಪಿನಿಂದ ತಲೆಯೆತ್ತಿದ ಹೊಸಬನ ಕೈಯಲ್ಲಿ ಅವಳ ಗೋಧಿ ಸಸಿಯಿತ್ತು.

"ನಾನೇ ಮೇಡಂ... ಭಾನುಪ್ರಕಾಶ್. ಇವತ್ತೇ ಸೇರ್ಕೊಂಡೆ. ಬೈಯೋಕೆ ಮುಂಚೆ ಒಂದ್ಸಲ ನೋಡ್ಬಿಡಿ!"

ಸಿಡುಕುತ್ತಲೇ ಮೈಕ್ರೋಸ್ಕೋಪಿಗೆ ಬಗ್ಗಿದಳು. ಬೇರಿನ ತುಂಬ ನವಿರಾದ ರೋಮಗಳು, ಅವುಗಳಿಗೆ ಮುತ್ತಿಕೊಂಡು ಮಿಸುಕಾಡುವ ಬ್ಯಾಕ್ಟೀರಿಯಾ. ಎರಡು ವರ್ಷ ತಾನೇ ಸಾಕಿದ ಜೀವಗಳನ್ನು ಇಷ್ಟು ಸ್ಪಷ್ಟವಾಗಿ ಅವಳೂ ಕಂಡಿರಲಿಲ್ಲ. ಕೋಪ ಎಲ್ಲಿ ಹೋಯಿತೋ!

ಅದು 1996. ಈ ಬ್ಯಾಕ್ಟೀರಿಯಾದ ಪುಡಿಯನ್ನು ಬೀಜಕ್ಕೆ ಲೇಪಿಸಿ ಬಿತ್ತಿದರೆ ಬೇರುರೋಮ ದಟ್ಟವಾಗಿ, ಗೋಧಿ ಮಣ್ಣಿನ ಸಾರವನ್ನು ಚೆನ್ನಾಗಿ ಹೀರುತ್ತದೆ ಎಂಬುದು ಕಂಪನಿಯ ಭರವಸೆ. ಹಿಂಗಾರಿಗೆ ಪುಡಿಯ ಪ್ಯಾಕೆಟ್ ಹೊತ್ತ ಮೊದಲ ಲಾರಿ ನವಲಗುಂದಕ್ಕೆ, ಅವಳ ಅಪ್ಪ ಕೊಟ್ರಪ್ಪನವರ ಊರಿಗೇ ಹೊರಡಲಿತ್ತು.

ನಾಲ್ಕು ತಿಂಗಳು ಇಬ್ಬರೂ ಒಂದೇ ಮೇಜಿನಲ್ಲಿ ಬೇರು ನೋಡಿದರು, ಒಂದೇ ಡಬ್ಬಿಯ ಚಿತ್ರಾನ್ನ ಹಂಚಿಕೊಂಡರು. ಮನಸ್ಸಿನಲ್ಲಿದ್ದದ್ದನ್ನು ಮಾತ್ರ ಯಾರೂ ಬಾಯಿಬಿಟ್ಟು ಹೇಳಲಿಲ್ಲ...

ಲಾರಿ ಹೊರಡಬೇಕಾದ ದಿನ ಮ್ಯಾನೇಜರ್ ಎಲ್ಲರೆದುರು ಶೈಲಜಾಳ ಮೇಲೆ ಕೂಗಾಡಿದರು. "ಪ್ಯಾಕೆಟ್‌ನಲ್ಲಿ ಬ್ಯಾಕ್ಟೀರಿಯಾ ಸತ್ತಿದೆಯಂತೆ! ಭಾನು ರಿಪೋರ್ಟ್ ಕೊಟ್ಟಿದ್ದಾನೆ. ಏನ್ರೀ ಬೆಳೆಸಿದ್ರಿ ನೀವು?"

ಪಕ್ಕದಲ್ಲೇ ಕೂರುವವನು ತನಗೊಂದು ಮಾತು ಹೇಳಬಾರದಿತ್ತೇ? ಶೈಲಜಾಳ ಕಣ್ಣು ತುಂಬಿತು.

"ಶೈಲಜಾ, ನಾನು..." ಭಾನು ಎದ್ದು ಬಂದ.

"ಸಾಕ್ರೀ! ಎಲ್ಲಾರ ಮುಂದ ನನ್ನ ಮರ್ಯಾದಿ ತಗದ್ರಿ. ಇನ್ನ ಮಾತಾಡಸಬ್ಯಾಡ್ರಿ."

ಅಂದು ಲಾರಿ ಹೊರಡಲಿಲ್ಲ. ಮರುದಿನದಿಂದ ಭಾನು ಬರಲಿಲ್ಲ.

ಹಠಕ್ಕೆ ಬಿದ್ದು ಅವಳೇ ಪ್ಯಾಕೆಟ್ ಒಡೆದು, ಬೀಜಕ್ಕೆ ಪುಡಿ ಲೇಪಿಸಿ ಮೊಳಕೆ ಬರಿಸಿದಳು. ಎಂಟನೇ ದಿನ ಬೇರು ನೋಡಿದರೆ ಅಲ್ಲೊಂದು ಇಲ್ಲೊಂದು ರೋಮ. ಅಂಟಿಕೊಂಡ ಜೀವ ಒಂದೂ ಇಲ್ಲ! ಭಾನು ಬರೆದದ್ದು ನಿಜ.

ಗಾಜಿನ ಸಾಮಾನು ತೊಳೆಯುವ ಪಿಳ್ಳಮ್ಮ ತಡೆಯಲಾರದೆ ಹೇಳಿದಳು. "ಮ್ಯಾನೇಜರ್ರೇ ಪಾಕೀಟೆಲ್ಲ ತಗಡಿನ ಶೆಡ್ಡಲ್ಲಿ ಮಡಗ್ಸಿದ್ರು ಕಣಮ್ಮ, ಕಾವಿಗೆ ಸತ್ತೋದ್ವಂತೆ. ನಿಮ್ದೇ ತಪ್ಪು ಅಂತ ಬರ್ಕೊಡು ಅಂದ್ರು ಭಾನಪ್ಪಂಗೆ. ಅವ್ನು ಬರಿಯಾಕಿಲ್ಲ ಅಂದ. ಅದ್ಕೇ ಕೆಲಸದಿಂದ ತೆಗೆದವ್ರೆ. ನಾಳೆ ಅದೇ ಪಾಕೀಟು ಲಾರಿಗೇರಿಸ್ತಾರಂತೆ!"

ಎಂಥ ಮಾತಾಡಿಬಿಟ್ಟೆ ನಾನು...

ಶೈಲಜಾ ಎಲ್ಲವನ್ನೂ ಬರೆದು, ಸಹಿ ಹಾಕಿ, ನೇರವಾಗಿ ಕಂಪನಿಯ ಮಾಲೀಕರ ಕೈಗೇ ಕೊಟ್ಟಳು. ಲಾರಿ ರದ್ದಾಯಿತು. ಮ್ಯಾನೇಜರ್ ಮುಖ ಕಪ್ಪಿಟ್ಟಿತು. ಅವಳು ಭಾನುವಿನ ಊರು ಸರ್ಜಾಪುರದ ಬಸ್ಸು ಹತ್ತಿದಳು.

ಮನೆಯ ಜಗಲಿಯಲ್ಲಿ ಕೂತಿದ್ದ ಭಾನು ಅವಳನ್ನು ಕಂಡು ಎದ್ದು ನಿಂತ.

"ನನಗ ಮೊದಲ ಯಾಕ ಹೇಳಲಿಲ್ಲ?"

"ಹೆದರ್ಕೊಂಡೆ... ನೀವು ಅಳೋದು ನೋಡೋಕಾಗಲ್ಲ ಅಂತ. ತಪ್ಪು ನಂದೇ."

"ನಾನೂ ನಿಮ್ಮ ಮಾತು ಕೇಳಲಿಲ್ಲ. ಈಗ ನಾನ ಮಾಲೀಕರಿಗೆ ಎಲ್ಲಾ ಬರದು ಕೊಟ್ಟು ಬಂದೀನಿ. ಮ್ಯಾನೇಜರ್ ಸಿಟ್ಟಿಗೆ ನಾಳೆ ನನ್ನ ಕೆಲಸಾನೂ ಹೋಗಬಹುದು."

"ಅಯ್ಯೋ! ಯಾಕೆ ಬರೆದ್ರಿ?"

"ನನ್ನ ತಪ್ಪಂತ ನೀವು ಯಾಕ ಬರೀಲಿಲ್ಲ?"

ಅವನು ಜಗಲಿಯಿಂದ ಇಳಿದು ಅವಳೆದುರು ಬಂದು ನಿಂತ.

"ನಿಮ್ಮನ್ನ ಪ್ರೀತಿಸ್ತೀನಿ ಶೈಲಜಾ. ಅದಕ್ಕೇ."

ಅವಳು ಕಣ್ಣೊರೆಸಿಕೊಂಡಳು. "ಇವತ್ತ ಅಪ್ಪಗ ಕಾಗದ ಬರೀತೀನಿ. ಪುಡಿ ಬರಂಗಿಲ್ಲ ಅಂತ... ಮತ್ತ ನಿಮ್ಮ ಬಗ್ಗೆ."

"ಒಪ್ತಾರಾ?"

"ಗೊತ್ತಿಲ್ರೀ... ನೀವು ಗಟ್ಟಿಯಾಗಿ ಜೊತೀಗಿರ್ತೀರೇನು?"

"ಇರ್ತೀನಿ," ಎಂದ ಭಾನು, ಅವಳ ಕೈ ಹಿಡಿದು. "ಈ ಸಲ ಮೊದಲು ನಿಮಗೇ ಹೇಳ್ತಿದೀನಿ."