ದಡ್ಡಪ್ಪನ ಪ್ರಶ್ನೆ

"ನನಗ ತಿಳೀಲಿಲ್ರಿ ಅಕ್ಕೋರ," ಎಂದಿತು ಮೇಜಿನ ಮೇಲಿದ್ದ ದಡ್ಡಪ್ಪ. "ಎರಡನೇ ಭಿನ್ನರಾಶೀನ ಯಾಕ ತಲೆಕೆಳಗ ಮಾಡಬೇಕ್ರಿ?"

ಆರನೆಯ ಇಯತ್ತೆಯ ಮಕ್ಕಳು ಕಿಸಕ್ಕನೆ ನಕ್ಕರು. ನೀಲಗಂಗಾ ಅಕ್ಕೋರಿಗೆ ಮಾತ್ರ ನಗು ಬರಲಿಲ್ಲ. ಭಿನ್ನರಾಶಿಗಳ ಭಾಗಾಕಾರ ಶುರುಮಾಡಿದಂದಿನಿಂದ ಈ ಯಂತ್ರ ಇದೊಂದೇ ರಾಗ ಹಾಡುತ್ತಿತ್ತು. "ಅದು ನಿಯಮ ಐತಪಾ. ತಲೆಕೆಳಗ ಮಾಡೂದು, ಗುಣಸೂದು," ಎಂದು ಅವರಿಗೂ ಅದನ್ನೇ ಹೇಳಿ ಹೇಳಿ ಸಾಕಾಗಿತ್ತು.

ಸೋರೆಕಾಯಿ ಗಾತ್ರದ, ಮೈತುಂಬ ಪುಟ್ಟ ಕ್ಯಾಮೆರಾಗಳಿದ್ದ ಈ ಯಂತ್ರ ಧಾರವಾಡದ ತರುಣ ವಿಜ್ಞಾನಿ ಮೌನೇಶ ಕಮ್ಮಾರನ ಸೃಷ್ಟಿ. ಅವನು ಇಟ್ಟ ಹೆಸರು 'ಸಂಶಯವಾಚಿ'. ಗುಳೇದಗುಡ್ಡದ ಮಕ್ಕಳ ಬಾಯಲ್ಲಿ ಆ ಹೆಸರು ಒಂದು ದಿನವೂ ಬಾಳದೆ 'ದಡ್ಡಪ್ಪ' ಆಯಿತು. ತಿಳಿಯದ್ದಕ್ಕೆ ಮನಸ್ಸು ಹೆಣಗುವಾಗ ಕಣ್ಣಿನ ಪಾಪೆ ಕೂದಲೆಳೆಯಷ್ಟು ಹಿಗ್ಗುತ್ತದೆ, ರೆಪ್ಪೆ ಬಡಿಯುವುದು ತಡವಾಗುತ್ತದೆ. ದಡ್ಡಪ್ಪ ಅದನ್ನು ಹಿಡಿದು, ಪಾಠದ ಯಾವ ಮಾತಿಗೆ ಹಾಗಾಯಿತೆಂದು ತಾಳೆ ನೋಡಿ, ಆ ಮಗುವಿನ ಪ್ರಶ್ನೆಯನ್ನು ತನ್ನದೇ ಎಂಬಂತೆ ಕೇಳಿಬಿಡುತ್ತಿತ್ತು. ಯಾರ ಪ್ರಶ್ನೆ ಎಂದು ಬಾಯಿ ಬಿಡುತ್ತಿರಲಿಲ್ಲ, ನೆನಪಿನಲ್ಲಿ ಇಟ್ಟುಕೊಳ್ಳುತ್ತಲೂ ಇರಲಿಲ್ಲ.

ಅದು ಬಂದ ಮೇಲೆ ತರಗತಿಯ ಬಣ್ಣವೇ ಬದಲಾಗಿತ್ತು. ತಿಳಿದರೂ ತಿಳಿಯದಿದ್ದರೂ ತಲೆಯಾಡಿಸುತ್ತಿದ್ದ ಮಕ್ಕಳು, ತಮಗಿಂತ ದಡ್ಡನೊಬ್ಬ ಸಿಕ್ಕನೆಂಬ ಖುಷಿಯಲ್ಲಿ ಅದಕ್ಕೆ ಬಿಡಿಸಿ ಹೇಳಲು ಮುಂದೆ ಬಂದರು. ಹೇಳಲು ಹೋಗಿ ತಾವೇ ಕಲಿತರು. ಅಕ್ಕೋರಿಗೂ ಅದರ ಮೇಲೆ ಹೊಟ್ಟೆಯಲ್ಲಿ ಹುಟ್ಟಿದ ಮಗನ ಮೇಲಿನಷ್ಟು ಪ್ರೀತಿ. ಆದರೆ ಈ ಸಲ ಪ್ರತಿ ಮಗುವನ್ನೂ ಬಳಿಗೆ ಕರೆದು ವಿಚಾರಿಸಿದರೂ ಎಲ್ಲರ ಲೆಕ್ಕವೂ ಸರಿ, ಯಾರಿಗೂ ಸಂಶಯವಿಲ್ಲ. ಯಂತ್ರ ಕೆಟ್ಟಿದೆಯೆಂದು ಅವರು ಮೌನೇಶನಿಗೆ ಫೋನ್ ಮಾಡಿದರು.

ಅವನು ಬಂದು ಯಂತ್ರದ ಹೊಟ್ಟೆ ಬಿಚ್ಚಿ ನೋಡಿದ. ಎಲ್ಲ ನೆಟ್ಟಗಿತ್ತು. "ಅಕ್ಕೋರ, ಹುಡುಗರನ್ನ ಆಡಾಕ ಬಿಡ್ರಿ. ನಾನೂ ಹೊರಗ ನಿಲ್ಲತೀನಿ. ನೀವು ಖಾಲಿ ಬೆಂಚಿಗೇ ಪಾಠ ಹೇಳ್ರಿ," ಎಂದ.

ಇದೆಂಥ ಹುಚ್ಚಾಟ ಎನ್ನಿಸಿದರೂ ಅಕ್ಕೋರು ಬೋರ್ಡಿನ ಮೇಲೆ ಲೆಕ್ಕ ಬರೆದು, ಎಂದಿನಂತೆ ನಿಯಮ ಹೇಳಿದರು.

"ಯಾಕ ತಲೆಕೆಳಗ ಮಾಡಬೇಕ್ರಿ?" ಎಂದಿತು ದಡ್ಡಪ್ಪ.

ಅಕ್ಕೋರ ಕೈಯಲ್ಲಿದ್ದ ಸೀಮೆಸುಣ್ಣ ಅಲ್ಲಿಗೇ ನಿಂತಿತು. ಕೋಣೆಯಲ್ಲಿದ್ದದ್ದು ಎರಡೇ ಕಣ್ಣು.

ಮೌನೇಶ ಒಳಗೆ ಬಂದು ತಲೆ ತಗ್ಗಿಸಿ ನಿಂತ. "ತಪ್ಪು ನಂದರಿ. ಮಕ್ಕಳು ಯಾರು, ಅಕ್ಕೋರು ಯಾರು ಅಂತ ಅದಕ್ಕ ಹೇಳೇ ಇರಲಿಲ್ಲ. ಐದು ನಿಮಿಷದ ಕೆಲಸ, ನಿಮ್ಮ ಕಡೆ ನೋಡದಂಗ ಮಾಡತೀನಿ. ಯಾರಿಗೂ ಗೊತ್ತಾಗೂದಿಲ್ಲ."

ನೀಲಗಂಗಾ ಅಕ್ಕೋರು ಕುರ್ಚಿಯಲ್ಲಿ ಕೂತರು. ಊರಲ್ಲಿ ಅವರನ್ನು ಹೆಸರು ಹಿಡಿದು ಕರೆಯುವವರೇ ಇಲ್ಲ, 'ಗಣಿತದ ಅಕ್ಕೋರು' ಎಂದೇ ಎಲ್ಲರೂ ಅನ್ನುವುದು. ಆ ಹೆಸರು ಗಳಿಸಲು ಅರ್ಧ ಆಯುಷ್ಯ ಸವೆಸಿದ್ದರು. ನಾಚಿಕೆಯಿಂದ ಮುಖ ಬಿಸಿಯಾಯಿತು.

"ನಿನಗ ಗೊತ್ತೇನು ತಮ್ಮಾ, ಯಾಕಂತ?"

"ಬೀಜಗಣಿತದಾಗ ಸಿದ್ಧ ಮಾಡಿ ತೋರಸ್ತೀನ್ರಿ. ಆದರ ಯಾಕ ಅಂದ್ರ..." ಡಾಕ್ಟರೇಟ್ ಪಡೆದ ಮೌನೇಶ ತಲೆ ಕೆರೆದುಕೊಂಡ.

ಅಕ್ಕೋರಿಗೆ ಅಷ್ಟರಲ್ಲೂ ನಗು ಬಂತು. ಹೊರಗೆ ಮಕ್ಕಳ ಗಲಾಟೆ ಬಾಗಿಲ ತನಕ ಬಂದಿತ್ತು. ಮೌನೇಶ ಸ್ಕ್ರೂಡ್ರೈವರ್ ಎತ್ತಿಕೊಂಡ. ಅಕ್ಕೋರು ಅವನ ಕೈ ತಡೆದರು.

"ಇರಲಿ ಬಿಡು," ಎಂದು ಎದ್ದು ನಿಂತರು. ಮಕ್ಕಳೆಲ್ಲ ಕೂತ ಮೇಲೆ, "ದಡ್ಡಪ್ಪ ಕೇಳತಾನಲ್ಲ, ಆ ಪ್ರಶ್ನೆ ನಂದು," ಎಂದರು. "ನನಗ ಉತ್ತರ ಗೊತ್ತಿಲ್ಲ. ಎಲ್ಲಾರೂ ಕೂಡೇ ಹುಡುಕೂಣು."

ನೇಕಾರರ ಮನೆಯ ಬನಶ್ರೀ ಕಾಗದದ ಉದ್ದ ಪಟ್ಟಿಯೊಂದನ್ನು ಹಿಡಿದು ಎದ್ದಳು. "ಇದು ಒಂದು ಮೀಟರ್ ಬಟ್ಟಿ ಅನ್ಕೋರಿ. ಒಂದು ಕುಬಸದ ಖಣಕ್ಕ, ಅಂದ್ರ ಒಂದು ತುಂಡಿಗೆ, ಮೂರನೇ ಎರಡು ಮೀಟರ್ ಬೇಕು. ಎಷ್ಟು ಖಣ ಆಕ್ಕಾವು?"

ಪಕ್ಕದ ಬೆಂಚಿನ ಸಾದಿಕ್ ಪಟ್ಟಿಯನ್ನು ಮೂರು ಮಡಿಕೆ ಮಾಡಿ ನೋಡಿದ. "ಒಂದು ಖಣ. ಮೂರನೇ ಒಂದು ಉಳೀತು. ಅಂದ್ರ ಒಂದೂ ಮೂರನೇ ಒಂದು."

"ಹೌದಲ್ಲ," ಎಂದು ಅಕ್ಕೋರು ಬೋರ್ಡಿನ ಮೇಲೆ ಬರೆದರು. ನಿಯಮದ ಉತ್ತರದೊಂದಿಗೆ ಅದು ತಾಳೆಯಾಗಲಿಲ್ಲ. ಅಕ್ಕೋರೂ ಸಾದಿಕನೂ ಒಬ್ಬರ ಮುಖ ಒಬ್ಬರು ನೋಡಿದರು.

"ಉಳಿದದ್ದು ಮೂರನೇ ಒಂದು ಮೀಟರೋ, ಮೂರನೇ ಒಂದು ಖಣಾನೋ?" ಎಂದಿತು ದಡ್ಡಪ್ಪ.

"ಮೀಟರ್," ಎಂದ ಸಾದಿಕ್. ಪಟ್ಟಿಯ ಮಡಿಕೆಗಳನ್ನು ಮತ್ತೆ ನೋಡಿ, "ಖಣದಾಗ ಅದು ಅರ್ಧ," ಎಂದ.

"ಹಂಗಾದ್ರ ಒಂದೂವರಿ ಖಣ," ಎಂದಳು ಬನಶ್ರೀ. "ಒಂದೂವರಿ ಅಂದ್ರ ಎರಡನೇ ಮೂರು."

ಅಕ್ಕೋರು ನಿಧಾನವಾಗಿ ಬರೆದರು. ಮೂರನೇ ಎರಡು ತಲೆಕೆಳಗಾಗಿ ಎರಡನೇ ಮೂರು ಆಗಿ ನಿಂತಿತ್ತು. ಒಂದು ಮೀಟರಿಗೆ ಎಷ್ಟು ತುಂಡು ಎಂದು ಹೇಳುವುದೇ ಆ ತಲೆಕೆಳಗಿನ ಸಂಖ್ಯೆ. ಬಟ್ಟೆ ಎಷ್ಟು ಮೀಟರ್ ಇದೆಯೋ ಅಷ್ಟರಿಂದ ಅದನ್ನು ಗುಣಿಸಿದರೆ ಆಯಿತು. ಇಷ್ಟೇ. ಅಕ್ಕೋರ ಕಣ್ಣು ತುಂಬಿ ಬಂತು. ಅಲ್ಲಿಂದಾಚೆಗೆ ದಡ್ಡಪ್ಪ ಆ ಪ್ರಶ್ನೆಯನ್ನು ಎತ್ತಲಿಲ್ಲ.

ಮೌನೇಶ ಮುಂದೆ ಪ್ರತಿ ಯಂತ್ರಕ್ಕೂ ಒಂದು ಗುಂಡಿ ಇಟ್ಟ. ಯಂತ್ರ ಕಲಿಸುವವರ ಕಣ್ಣನ್ನೂ ನೋಡಬೇಕೋ ಬೇಡವೋ ಎಂಬುದು ಕಲಿಸುವವರಿಗೇ ಬಿಟ್ಟದ್ದು. ಮೊದಮೊದಲು ಹೆಚ್ಚಿನವರು ಗುಂಡಿಯನ್ನು ಆರಿಸಿಯೇ ಇಟ್ಟರು. ಅದನ್ನು ಹಾಕಿಟ್ಟ ತರಗತಿಗಳಲ್ಲಿ ಕೆಲವೇ ವರ್ಷಗಳಲ್ಲಿ ಯಂತ್ರ ಕಪಾಟು ಸೇರಿತು. ದೊಡ್ಡವರಿಗೂ ಗೊತ್ತಿಲ್ಲದ್ದು ಇರುತ್ತದೆಂದು ಕಂಡುಕೊಂಡ ಮಕ್ಕಳಿಗೆ ತಮ್ಮ ಪರವಾಗಿ ಕೇಳುವವರು ಬೇಕಾಗಲಿಲ್ಲ.

ಆದರೆ ಅಂದು ಹೊರಡುವ ಮುನ್ನ ಮೌನೇಶ ಸುಮ್ಮನೆ ಕೇಳಿದ್ದ, "ನಿಮಗ ಆ ನಿಯಮ ಕಲಿಸಿದವರು ಯಾರ್ರಿ?"

"ಬಸಲಿಂಗಪ್ಪ ಮಾಸ್ತರು," ಎಂದರು ಅಕ್ಕೋರು. "ಭಾಳ ಪ್ರೀತಿ ಮನಷ್ಯಾ. ನಾವು ಕೇಳಿದ್ದಿದ್ರ ಬೈತಿರಲಿಲ್ಲ. ನಮ್ಮ ಜೋಡಿ ಕುಂತು ಹುಡುಕತಿದ್ರು, ಖರೇನ." ಅವರು ಹೊರಗೆ ಆಡುತ್ತಿದ್ದ ಮಕ್ಕಳನ್ನು ನೋಡಿದರು. "ಎರಡು ಸಾವಿರದ ಇಪ್ಪತ್ತಾರನೇ ಇಸವಿ ಅದು. ನಲವತ್ತು ಮಂದಿ ಇದ್ವಿ ತಮ್ಮಾ. ಒಬ್ರೂ 'ಯಾಕ' ಅಂತ ಕೇಳಲಿಲ್ಲ."