ಮ್ಯಾಪಿಗೆ ಬಂದ ಗುಡಿಸಂದಿ

“ಅಜ್ಜೀ, ಸ್ವಲ್ಪ ಎತ್ಕೊಳ್ಳಿ ಇದನ್ನ! ಕಾರ್ ಹೋಗ್ಬೇಕು!”

ಬಿಳಿ ಕಾರಿನ ಡ್ರೈವರ್ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದ. ಕಾರಿನ ಮುಂದೆ, ಸಂದಿಯ ಉದ್ದಕ್ಕೂ ಹಾಸಿದ್ದ ಹಳೆಯ ಪಂಚೆಯ ಮೇಲೆ ಅಕ್ಕಿ ಸಂಡಿಗೆ ಒಣಗುತ್ತಿತ್ತು. ಪಕ್ಕದ ಜಗಲಿಯ ಮೇಲೆ ಕಾಗೆ ಓಡಿಸುವ ಕೋಲು ಹಿಡಿದು ದೊಡ್ಡಮುನಿಯಮ್ಮಜ್ಜಿ ಕೂತಿದ್ದಳು.

“ಎಲ್ಲಿಗಪ್ಪ ಓಗ್ತೀಯ? ಗುಡಿ ಅತ್ರ ಇಬ್ಬರು ಜೊತೇಲಿ ನಡಿಯಕ್ಕಾಗಲ್ಲ. ನಿನ್ ಕಾರ್ ಎಂಗೋಯ್ತದೆ?”

“ಮ್ಯಾಪಲ್ಲಿ ರೋಡ್ ತೋರಿಸ್ತಿದೆ ಅಜ್ಜಿ! ಸ್ಟ್ರೇಟ್ ಹೋದ್ರೆ ಮೇನ್ ರೋಡು ಅಂತಿದೆ.”

“ಅಂಗಾರೆ ಆ ಮ್ಯಾಪಿನೋನ್ನೇ ಕರ್ಕಂಬಾ. ಅವನು ಓಗಿ ತೋರಿಸ್ಲಿ.”

ಬಾಗಿಲ ಹಿಂದೆ ತಟ್ಟೆ ಹಿಡಿದು ನಿಂತಿದ್ದ ಮೊಮ್ಮಗಳು ತೇಜಸ್ವಿನಿ ಚಿತ್ರಾನ್ನದ ತುತ್ತನ್ನು ತಟ್ಟೆಗೇ ಹಾಕಿ ಇನ್ನಷ್ಟು ಹಿಂದಕ್ಕೆ ಸರಿದಳು. ಮ್ಯಾಪಿನವನು ಯಾರೂ ಇರಲಿಲ್ಲ. ಮ್ಯಾಪಿನವಳು ಅವಳೇ.

ಡ್ರೈವರ್ ಗೊಣಗುತ್ತಾ ರಿವರ್ಸ್ ಹಾಕಲು ಹೋದ. ಕಾರು ಹಿಂದಕ್ಕೆ ಹೋಗುವ ಬದಲು ಮೊದಲು ಒಂದು ಮೊಳ ಮುಂದಕ್ಕೆ ಬಂತು. ಪಂಚೆಯ ಮೂಲೆಯ ಮೇಲೆ ಚಕ್ರ ಹತ್ತಿ ಇಳಿಯಿತು. ಇನ್ನೂ ಹಸಿಯಾಗಿದ್ದ ಸಂಡಿಗೆಗಳು ಚಕ್ರಕ್ಕೆ ಅಂಟಿಕೊಂಡು ಕಾರಿನ ಜೊತೆಯೇ ಹೋದವು.

ಅಜ್ಜಿ ಎದ್ದು, ಬಗ್ಗಿ, ಕೊಳೆಯಾದ ಮೂಲೆಯನ್ನು ಮಡಚಿಟ್ಟಳು.

ಆಗಿದ್ದು ಇಷ್ಟೇ. ತೇಜು ಓದುವ ಐದನೇ ಕ್ಲಾಸಿನಲ್ಲಿ ಶನಿವಾರದ ಕೊನೆಯ ಪೀರಿಯಡ್‌ಗೆ ಪಾಠ ಇಲ್ಲ. ಶಾಂತಲಾ ಮಿಸ್ ಬೋರ್ಡಿನ ಮೇಲೆ ‘ನಂಗೊಂದು ಗೊತ್ತಾಯ್ತು’ ಅಂತ ಬರೆದು ಹಿಂದಿನ ಬೆಂಚಿಗೆ ಹೋಗಿ ಕೂರುತ್ತಾರೆ. ಮಕ್ಕಳು ಒಬ್ಬೊಬ್ಬರಾಗಿ ಮುಂದೆ ಬಂದು, ತಾವು ಹೊಸದಾಗಿ ಕಂಡುಕೊಂಡದ್ದನ್ನು ಹೇಳಬೇಕು.

ಬರೆಯದ ರೀಫಿಲ್ಲನ್ನು ಅಂಗೈಯಲ್ಲಿ ಉಜ್ಜಿದರೆ ಇನ್ನೂ ಅರ್ಧ ಪುಟ ಬರೆಯುತ್ತೆ ಅಂತ ಅಶ್ವತ್ಥ್ ತೋರಿಸಿದ್ದ. ತಮ್ಮ ಹಬ್ಬಗಳಿಗೆ ಚಂದ್ರನನ್ನು ನೋಡಿ ತಿಂಗಳು ಎಣಿಸುತ್ತಾರೆ, ಅದಕ್ಕೇ ರಂಜಾನ್ ವರ್ಷವರ್ಷವೂ ಹಿಂದೆ ಸರಿಯುತ್ತಾ ಬರುತ್ತೆ ಅಂತ ಮನ್ಸೂರ್ ಹೇಳಿದ್ದ. ಕನ್ನಡದಲ್ಲಿ ಮಾತಾಡಿದರೆ ಫೋನೇ ಟೈಪ್ ಮಾಡುತ್ತೆ ಅಂತ ಶಿಲ್ಪ ಹೇಳಿ, “ನಮ್ಮಮ್ಮ ಬೈದಿದ್ದನ್ನೂ ಟೈಪ್ ಮಾಡ್ಬಿಡ್ತು ಮಿಸ್!” ಅಂದಾಗ ಕ್ಲಾಸಿಗೆ ಕ್ಲಾಸೇ ಬಿದ್ದು ಬಿದ್ದು ನಕ್ಕಿತ್ತು.

ತೇಜು ಹತ್ತಿರ ಮಾತ್ರ ಏನೂ ಇರಲಿಲ್ಲ. ಒಂದು ಸಂಜೆ ಅಪ್ಪನ ಫೋನಲ್ಲಿ ಮ್ಯಾಪ್ ನೋಡುವಾಗ ಸಿಕ್ಕಿತು. ತಣಿಸಂದ್ರದ ದೊಡ್ಡ ರಸ್ತೆಗಳೆಲ್ಲ ಇವೆ, ಹೊಸ ಅಪಾರ್ಟ್‌ಮೆಂಟ್‌ಗಳೆಲ್ಲ ಇವೆ, ಪಟಾಲಮ್ಮನ ಗುಡಿಗೆ ಹೋಗುವ ತಮ್ಮ ಗುಡಿಸಂದಿ ಮಾತ್ರ ಇಲ್ಲ! ಕೆಳಗೆ ‘ಬಿಟ್ಟುಹೋದ ರಸ್ತೆ ಸೇರಿಸಿ’ ಅಂತ ಇತ್ತು. ಬೆರಳಿನಿಂದ ಗೆರೆ ಎಳೆದಳು. ಎಂಥ ರಸ್ತೆ ಅಂತ ಏನೋ ಕೇಳಿತು. ಓದುವಷ್ಟು ತಾಳ್ಮೆ ಯಾರಿಗಿದೆ? ಮೊದಲನೆಯದನ್ನೇ ಒತ್ತಿದಳು.

ಕೆಲವು ದಿನಕ್ಕೆ ಸಂದಿ ಮ್ಯಾಪಿನಲ್ಲಿ ಕಾಣಿಸಿಕೊಂಡಿತು. ಶನಿವಾರ ತೇಜು ಹೇಳಿದಾಗ ಮಿಸ್ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅವತ್ತಿನಿಂದ ಕ್ಲಾಸಿನಲ್ಲಿ ಅವಳ ಹೆಸರು ಮ್ಯಾಪ್ ತೇಜು.

ಬಿಳಿ ಕಾರು ಬಂದಿದ್ದು ಭಾನುವಾರ. ಸೋಮವಾರ ಸ್ಕೂಟರ್‌ಗಳು ಶುರುವಾದವು. ಗುಡಿಯ ಪಕ್ಕ ಸ್ಕೂಟರ್ ನುಸುಳುತ್ತದಲ್ಲ, ಸವಾರರಿಗೆ ಹಬ್ಬ. ಮಂಗಳವಾರ ಸಾಮಾನು ತಂದ ವ್ಯಾನೊಂದು ನಡುವೆ ಸಿಕ್ಕಿಕೊಂಡು ನೆರೆಮನೆಯ ಲಕ್ಕಣ್ಣನ ತುಳಸಿ ಕುಂಡ ಒಡೆಯಿತು. ಪ್ರತಿ ಸಲ ಹಾರ್ನ್ ಆದಾಗಲೂ ಅಜ್ಜಿ ಜಗಲಿಯಿಂದ ಇಳಿಯುವುದು, ಪಂಚೆ ಎತ್ತುವುದು, ಮತ್ತೆ ಹಾಸುವುದು. ಬಾಗಲಗುಂಟೆಯ ಅತ್ತೆಗೆ ವರ್ಷಕ್ಕೊಂದು ಡಬ್ಬ ಸಂಡಿಗೆ ಈ ಬಿಸಿಲಲ್ಲೇ ಒಣಗಬೇಕು.

ಬುಧವಾರ ತೇಜು ಸ್ಕೂಲಿಂದ ಬಂದಾಗ ಸಂದಿಯಲ್ಲಿ ಪಂಚೆ ಇರಲಿಲ್ಲ. ಜಗಲಿ ಖಾಲಿ. ಬಾಗಿಲು ಮುಚ್ಚಿತ್ತು.

ಒಳಗೆ ಟಿವಿ ಓಡುತ್ತಿತ್ತು. ಅಜ್ಜಿ ಟಿವಿ ನೋಡುತ್ತಿರಲಿಲ್ಲ, ಟಿವಿಯೇ ಅಜ್ಜಿಯನ್ನು ನೋಡುತ್ತಿತ್ತು.

“ಅಜ್ಜಿ, ಸಂಡಿಗೆ?”

“ಸಾಕು ಬಿಡು ಮಗ. ಎತ್ತಿ ಎತ್ತಿ ಮಂಡಿ ಓಯ್ತು. ಅಂಗಡೀಲಿ ಪಾಕೀಟು ಸಿಗ್ತದಲ್ಲ, ಅದನ್ನೇ ಕೊಟ್ಟು ಕಳಿಸಿದ್ರಾಯ್ತು.”

ಅಂಗಡಿ ಸಂಡಿಗೆಗೆ ಅಜ್ಜಿ ಯಾವತ್ತೂ ‘ರಟ್ಟು’ ಅನ್ನುತ್ತಿದ್ದಳು. ತೇಜು ಬ್ಯಾಗ್ ಕೂಡ ಇಳಿಸದೆ ಅಲ್ಲೇ ಕೂತಳು.

“ಅಜ್ಜಿ, ಆ ಮ್ಯಾಪಿನೋನು... ನಾನೇ ಕಣಜ್ಜಿ.”

ಅಜ್ಜಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಗೆರೆ ಎಳೆದದ್ದು, ಕ್ಲಾಸಲ್ಲಿ ಚಪ್ಪಾಳೆ ತಟ್ಟಿದ್ದು, ಎಲ್ಲ ಹೇಳುವಾಗ ತೇಜುಗೆ ಅಳು ಬಂತು. ಅಜ್ಜಿ ಟಿವಿ ಆರಿಸಿದಳು.

“ನೀನು ಬೆಳ್ಳಲ್ಲಿ ಗೀಚಿದ್ದಕ್ಕೆ ಕಾರು ಬಂದ್ಬುಡ್ತಾ?”

“ಹೂಂ.”

“ಎಲ್ಲಿ, ತೋರ್ಸು ನೋಡಾಣ.”

ಫೋನ್ ಸಿಗಬೇಕಾದರೆ ಅಪ್ಪ ಬರಬೇಕು. ಅಪ್ಪ ಯೋಗಾನಂದ ಟೈಲ್ಸ್ ಅಂಗಡಿಯ ಕೆಲಸ ಮುಗಿಸಿ ಬಂದು, ಚಪ್ಪಲಿ ಬಿಡುತ್ತಲೇ ವಿಷಯ ಕೇಳಿ ಸೊಂಟದ ಮೇಲೆ ಕೈಯಿಟ್ಟುಕೊಂಡ.

“ನನ್ ಫೋನಲ್ಲಿ ನಂಗೇ ಗೊತ್ತಿಲ್ದೆ ರೋಡ್ ಹಾಕಿದೀಯಾ? ದಿನಾ ಹೆಬ್ಬಾಳದಲ್ಲಿ ನಿಂತು ನಿಂತು ಸಾಯ್ತಿದೀನಿ. ಅಲ್ಲೊಂದು ಫ್ಲೈಓವರ್ ಹಾಕ್ಬಾರ್ದಿತ್ತಾ?”

ಬೈಗುಳಕ್ಕೆ ಕಾದಿದ್ದ ತೇಜುಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಅಪ್ಪ ಫೋನ್ ಕೊಟ್ಟ.

ಅಜ್ಜಿ ಕನ್ನಡಕ ಹಾಕಿಕೊಂಡು ಪರದೆಗೆ ಮೂಗು ತಾಗಿಸಿದಳು. ಬಿಳಿ ದಾರದಂಥ ಸಣ್ಣ ಗೆರೆ.

“ಇದಾ ನಮ್ ಸಂದಿ? ಇಷ್ಟು ನೀಟಾಗೈತೆ! ನಮ್ ಮನೆ?”

“ಇಲ್ಲೆಲ್ಲೋ ಬರುತ್ತೆ. ಕಾಣಲ್ಲ.”

“ಜಗಲಿ?”

“ಅದೂ ಕಾಣಲ್ಲ ಅಜ್ಜಿ.”

“ಸಂಡಿಗೆ ಒಣಾಕಿರೋದು? ನಾನು ಕೂತಿರೋದು?”

“ನೀನಿಲ್ಲ ಇದ್ರಲ್ಲಿ.”

“ಮತ್ತೆ ಆ ಕಾರಿನೋನ್ದೇನು ತಪ್ಪು, ಪಾಪ,” ಅಂದಳು ಅಜ್ಜಿ. “ಅವನಿಗೆ ಇಲ್ಲಿ ಯಾರೂ ಕಾಣ್ಲಿಲ್ಲ.”

ತೇಜು ಆ ಬಿಳಿ ಗೆರೆಯನ್ನೇ ನೋಡುತ್ತಾ ಕೂತಳು. ಗೆರೆ ಎಳೆಯುವಾಗ ಅವಳಿಗೂ ಯಾರೂ ಕಂಡಿರಲಿಲ್ಲ. ಮುಂದಿನ ಶನಿವಾರವೊಂದೇ ಕಂಡಿತ್ತು.

“ಅಳಿಸ್ಬಿಡ್ತೀನಿ ಅಜ್ಜಿ. ಈಗ್ಲೇ.”

“ಯಾಕಮ್ಮಿ ಅಳಿಸ್ತೀಯ? ಇರ್ಲಿ. ನಡ್ಕಂಡ್ ಬರೋರು ಬರ್ಲಿ. ಅವರು ನಿಂತ್ಕಂಡು ನೀರು ಕೇಳ್ತಾರೆ, ಎಲ್ಡು ಮಾತಾಡ್ತಾರೆ. ಗಾಡಿ ಬ್ಯಾಡ ಅಂತ ಯೋಳಕ್ಕಾಗಲ್ವಾ ಇದರಲ್ಲಿ?”

ತೇಜು ಈ ಸಲ ಒಂದೊಂದೇ ಸಾಲು ಓದಿದಳು. ಎಂಥ ರಸ್ತೆ ಅಂತ ಕೇಳಿದ ಕಡೆ, ಕೊನೆಯಲ್ಲಿತ್ತು: ನಡೆಯುವ ದಾರಿ. ಒತ್ತಿದಳು. ‘ಪರಿಶೀಲಿಸುತ್ತೇವೆ’ ಅಂತ ಬಂತು.

“ಅವರು ಪರಿಶೀಲಿಸೋಗಂಟ ಕಾಯಕ್ಕಾಗಲ್ಲ,” ಅಂದಳು ಅಜ್ಜಿ.

ಮಿಕ್ಸಿ ಬಂದಾಗಿನಿಂದ ಹಿತ್ತಿಲಲ್ಲಿ ಸುಮ್ಮನೆ ಬಿದ್ದಿದ್ದ ಒರಳುಕಲ್ಲು ಇತ್ತು. ಮರುದಿನ ಬೆಳಿಗ್ಗೆ ಅಪ್ಪನೂ ಲಕ್ಕಣ್ಣನೂ ಅದನ್ನು ಉರುಳಿಸಿಕೊಂಡು ಹೋಗಿ ಸಂದಿಯ ಬಾಯಲ್ಲಿ, ನಟ್ಟನಡುವೆ, ನಡೆಯುವವರಿಗಷ್ಟೇ ಜಾಗ ಬಿಟ್ಟು ಕೂರಿಸಿದರು. ಲಕ್ಕಣ್ಣ ಬೆವರು ಒರೆಸಿಕೊಳ್ಳುತ್ತಾ, “ಮಗಳು ಬೆಳ್ಳಲ್ಲಿ ರೋಡ್ ಮಾಡ್ತಾಳೆ, ಬಂದ್ ಮಾಡಕ್ಕೆ ನಮ್ ಸೊಂಟ ಬೇಕು!” ಅಂದ. ತೇಜು ಅವನಿಗೆ ಹೊಸ ತುಳಸಿ ಕುಂಡಕ್ಕೆ ಮಣ್ಣು ತುಂಬಿಸಿ ಕೊಟ್ಟಳು.

ಅಜ್ಜಿ ಮತ್ತೆ ಪಂಚೆ ಹಾಸಿದಳು.

ಶುಕ್ರವಾರ ಊಟದ ಬಿಡುವಿನಲ್ಲಿ ಮನ್ಸೂರ್ ಓಡಿ ಬಂದ. ಕಣ್ಣು ಹೊಳೆಯುತ್ತಿತ್ತು.

“ಮ್ಯಾಪ್ ತೇಜು, ಅರ್ಜೆಂಟ್! ಅಮೃತಹಳ್ಳಿಲಿ ನಮ್ ಮಾಮಿ ಮನೆ ಹಿಂದೆ ಮರದ ಪೊಟರೆ ಐತೆ, ಅದ್ರಲ್ಲಿ ಗಿಳಿ ಗೂಡು! ಯಾರಿಗೂ ಗೊತ್ತಿಲ್ಲ. ಮ್ಯಾಪಲ್ಲಿ ಹಾಕೋದ್ ಹೇಗೆ ಅಂತ ಹೇಳ್ಕೊಡೇ, ನಾಳೆ ಕ್ಲಾಸಲ್ಲಿ ಹೇಳ್ಬೇಕು. ಫೋಟೋನೂ ಇದೆ!”

ತೇಜು ಬಾಯಿ ತೆರೆದಳು. ಹೇಳಿಕೊಡುವುದು ಅವಳಿಗೆ ಎಷ್ಟು ಸುಲಭ.

“ಮರಿ ಇದಾವಾ ಒಳಗೆ?”

“ಎರಡು! ಇನ್ನೂ ಪುಕ್ಕಾನೂ ಬಂದಿಲ್ಲ.”

“ಆ ಫೋಟೋದಲ್ಲಿ ಮರಿ ಕಾಣುತ್ತಾ?”

“ಇಲ್ಲ. ಬರೀ ತೂತು ಕಾಣುತ್ತೆ. ಯಾಕೆ?”

ತೇಜು ಊಟದ ಡಬ್ಬಿಯಲ್ಲಿದ್ದ, ಅಜ್ಜಿ ಕರಿದುಕೊಟ್ಟ ಸಂಡಿಗೆಯಲ್ಲಿ ಒಂದನ್ನು ಅವನ ಕೈಗೆ ಹಾಕಿದಳು.

“ಮ್ಯಾಪ್ ಆಮೇಲೆ. ನಾಳೆ ಸ್ಕೂಲ್ ಬಿಟ್ಮೇಲೆ ನಡ್ಕೊಂಡು ಹೋಗೋಣ. ದೂರದಲ್ಲೇ ನಿಂತ್ಕೊಂಡು ನೋಡೋಣ.”