ಎರಡನೆಯ ಸಲದ ‘ನಿಲ್ಲಿಸು’

ಡಾಕ್ಟರ್ ಪಡಿಯಾರ್ ಕನ್ಸೋಲಿನಲ್ಲಿ ‘ಗೇ’ ಎಂದು ಟೈಪಿಸಿದರು ಅಷ್ಟೆ. ‘ಗೇಟು ಮೂರು, ನಿಧಾನ ಇಳಿಸು’ ಎಂಬ ಪೂರ್ತಿ ಆಜ್ಞೆ ಪರದೆಯ ಮೇಲೆ ಮೂಡಿತು. ವಿಚಾರಣಾಧಿಕಾರಿ ಹೆಗ್ಡೆಯವರು ಮೆಚ್ಚಿ ತಲೆದೂಗಿದರು. ಬಾಗಿಲ ಬಳಿ ನಿಂತಿದ್ದ ವಿನಯಾ ಕರ್ಕೇರಳಿಗೆ ಆ ತಲೆದೂಗಾಟ ನೋಡಿಯೇ ಮೈ ಉರಿಯಿತು. ಸತ್ತವನ ಹೆಂಡತಿ ಲೀಲಾವತಿ ಅದೇ ಕೋಣೆಯ ಮೂಲೆಯಲ್ಲಿ ಕುಳಿತಿದ್ದಾಳೆ, ಇವರಿಗೆ ಜಾದೂ ಪ್ರದರ್ಶನ ಬೇಕಾಗಿದೆ!

ಕಡಲು ಏರಿ ಬೆಂಗ್ರೆಯ ಮರಳುದಂಡೆಯನ್ನು ಅರ್ಧ ನುಂಗಿದ ಮೇಲೆ ಅಳಿವೆಗೆ ಅಡ್ಡಲಾಗಿ ಉಕ್ಕಿನ ಗೇಟುಗಳನ್ನು ನಿಲ್ಲಿಸಿದ್ದರು. ಉಬ್ಬರ ಬಂದಾಗ ಇಳಿಸುವುದು, ಇಳಿದಾಗ ಏರಿಸುವುದು ವಿನಯಾಳ ಕೆಲಸ. ಕನ್ಸೋಲ್ ಎಂದರೆ ಯಂತ್ರದ ಜೊತೆ ಮಾತನಾಡುವ ಪರದೆ. ನಾವು ಟೈಪಿಸಿದ ಆಜ್ಞೆಗಳನ್ನೆಲ್ಲ ಅದು ಸಾಲಾಗಿ ನೆನಪಿಟ್ಟುಕೊಳ್ಳುತ್ತದೆ, ಮೇಲ್ಮುಖದ ಬಾಣದ ಕೀ ಒತ್ತಿದರೆ ಹಿಂದಿನ ಆಜ್ಞೆ ಮರಳಿ ಬರುತ್ತದೆ. ಆದರೆ ವರ್ಷಗಟ್ಟಲೆ ಬಳಸಿದಾಗ ಆ ಚರಿತ್ರೆಯೆಂಬುದು ಗುಜರಿ ಅಂಗಡಿಯಾಗುತ್ತದೆ, ಒಂದೇ ಆಜ್ಞೆ ಸಾವಿರ ಸಲ. ಪಡಿಯಾರ್ ಕಂಡುಹಿಡಿದ ‘ಹಿನ್ನೋಟ’ ಆ ಗುಜರಿಯನ್ನು ಗುಡಿಸುತ್ತಿತ್ತು. ತಪ್ಪು ಕಾಗುಣಿತವನ್ನು ಎಸೆಯುತ್ತಿತ್ತು, ಬೆನ್ನುಬೆನ್ನಿಗೆ ಬಂದ ಒಂದೇ ಆಜ್ಞೆಯಲ್ಲಿ ಮೊದಲನೆಯದನ್ನಷ್ಟೇ ಉಳಿಸುತ್ತಿತ್ತು. ವಿದ್ಯುತ್ ಕೇಂದ್ರ, ಆಸ್ಪತ್ರೆ, ರೈಲು, ಎಲ್ಲರೂ ಅದನ್ನು ಕೈಮುಗಿದು ಸ್ವಾಗತಿಸಿದ್ದರು.

ಹೋದ ತಿಂಗಳು ಗೇಟು ಇಳಿಯುತ್ತಿದ್ದಾಗ ಲೀಲಾವತಿಯ ಗಂಡ ಸದಾನಂದನ ದೋಣಿಯ ಎಂಜಿನ್ ಸರಿಯಾಗಿ ಅದರ ಕೆಳಗೇ ಕೆಟ್ಟು ನಿಂತಿತು. ಎಚ್ಚರಿಸಬೇಕಾದ ಸೈರನ್ ಕೂಗಿರಲಿಲ್ಲ. ಕ್ಯಾಮೆರಾದಲ್ಲಿ ಅವನನ್ನು ಕಂಡ ವಿನಯಾ ‘ನಿಲ್ಲಿಸು’ ಎಂದು ಟೈಪಿಸಿ ಒತ್ತಿದಳು. ಗೇಟು ನಿಲ್ಲಲಿಲ್ಲ. ಮತ್ತೆ ಹೇಳಿದಳು, ಮತ್ತೆ ಮತ್ತೆ ಹೇಳಿದಳು. ಕೊನೆಗೆ ಗೇಟು ನಿಂತಾಗ ದೋಣಿ ಮುರಿದು ಸದಾನಂದ ನೀರಿನ ಪಾಲಾಗಿದ್ದ. ಚರಿತ್ರೆ ತೆಗೆದು ನೋಡಿದರೆ ಒಂದೇ ಒಂದು ‘ನಿಲ್ಲಿಸು’. ಆಮೇಲೆ ನಾಲ್ಕು ನಿಮಿಷ ಏನೂ ಇಲ್ಲ. ನಿದ್ದೆ ಮಾಡುತ್ತಿದ್ದ ಆಪರೇಟರ್ ಎಂದು ಊರೆಲ್ಲ ಅವಳಿಗೆ ಛೀಮಾರಿ ಹಾಕಿತು. ಲೀಲಾವತಿಯಂತೂ ಇವತ್ತು ಕೋಣೆಗೆ ಬಂದಾಗಿನಿಂದ ಒಮ್ಮೆಯೂ ಅವಳ ಮುಖ ನೋಡಿರಲಿಲ್ಲ.

“ಒಮ್ಮೆ ಒತ್ತಿ ಆಮೇಲೆ ನೀವು ಎಂತ ಮಾಡ್ತಾ ಇದ್ರಿ?” ಹೆಗ್ಡೆ ಕೇಳಿದರು.

“ಒತ್ತುತ್ತಾ ಇದ್ದೆ ಸಾರ್. ಪ್ರತಿ ಸಲ ಇದು ‘ಆಯಿತು’ ಅಂತ ತೋರಿಸಿತು. ಕಣ್ಣೆದುರು ಗೇಟು ಇಳೀತಾ ಉಂಟು, ಇದು ಆಯಿತು ಅಂತದೆ!”

“ಹಿನ್ನೋಟ ಸುಳ್ಳು ಹೇಳುವುದಿಲ್ಲ,” ಎಂದರು ಪಡಿಯಾರ್. “ಮತ್ತೆ ಒತ್ತಿದ್ದನ್ನು ಅದು ಬರೆದಿಟ್ಟಿಲ್ಲ ಅಂತ ಇಟ್ಟುಕೊಳ್ಳುವ. ಆದರೆ ಒತ್ತಿದ್ದರೆ ಗೇಟು ನಿಲ್ಲಬೇಕಿತ್ತಲ್ಲ? ಕೊನೆಗೆ ಅದು ತಾನಾಗಿಯೇ ನಿಂತದ್ದು.”

“ತಾನಾಗಿ ನಿಲ್ಲಲಿಲ್ಲ, ನಾನು ನಿಲ್ಲಿಸಿದ್ದು! ಮೊದಲಿಗೆ ಒಂದು ಸ್ಪೇಸ್ ಕೊಟ್ಟು ಒತ್ತಿದೆ, ಆಗ ನಿಂತಿತು.”

ಪಡಿಯಾರ್ ನಕ್ಕುಬಿಟ್ಟರು. ಹಳೆಯ ಕನ್ಸೋಲುಗಳಲ್ಲಿ ಆಜ್ಞೆಯ ಮುಂದೆ ಒಂದು ಖಾಲಿ ಜಾಗ ಬಿಟ್ಟರೆ ಅದು ಚರಿತ್ರೆಗೆ ಸೇರುತ್ತಿರಲಿಲ್ಲ. ಪಾಸ್‌ವರ್ಡಿನಂಥದ್ದನ್ನು ಟೈಪಿಸುವಾಗ ಆಪರೇಟರುಗಳು ಹಾಗೆ ಮಾಡುತ್ತಿದ್ದರು. ಬರಬರುತ್ತಾ ಅದು ಈ ಕಸುಬಿನ ರೂಢಿಯೇ ಆಗಿ, ಯಂತ್ರ ಹಟ ಹಿಡಿದಾಗಲೆಲ್ಲ ಹೆಬ್ಬೆರಳು ತಾನಾಗಿ ಸ್ಪೇಸ್ ಕೀಗೆ ಹೋಗುತ್ತಿತ್ತು.

“ಅದೆಲ್ಲ ಹಲ್ಲಿ ಲೊಚಗುಟ್ಟಿದ ಹಾಗೆ, ವಿನಯಾ. ಕಾಕತಾಳೀಯ.”

ಅಷ್ಟು ಹೊತ್ತು ಹಲ್ಲು ಕಚ್ಚಿಕೊಂಡಿದ್ದವಳಿಗೆ ಆ ನಗು ತಡೆಯಲಾಗಲಿಲ್ಲ. “ಹಾಗಾದ್ರೆ ನೀವೇ ಒತ್ತಿ ನೋಡಿ. ಹೊಳೆಯಲ್ಲಿ ಈಗ ಒಂದೂ ದೋಣಿ ಇಲ್ಲ. ಆ ದಿನ ಗಾಳಿಗೆ, ಗೇಟಿಗೆ ಆಜ್ಞೆ ಕಳಿಸುವ ರೇಡಿಯೊ ಕಡಿದು ಕಡಿದು ಬರ್ತಿತ್ತು. ಮೊದಲ ಸಲ ಒತ್ತುವಾಗ ನಾನು ಅದರ ವಯರ್ ಎಳೀತೇನೆ, ಮತ್ತೆ ಸಿಕ್ಕಿಸ್ತೇನೆ.”

ಹೆಗ್ಡೆ ಒಪ್ಪಿದರು. ಗೇಟು ಇಳಿಯತೊಡಗಿತು. ವಿನಯಾ ವಯರ್ ಎಳೆದಳು, ಪಡಿಯಾರ್ ‘ನಿಲ್ಲಿಸು’ ಎಂದು ಒತ್ತಿದರು, ಅವಳು ವಯರನ್ನು ಮತ್ತೆ ಸಿಕ್ಕಿಸಿದಳು. ಪಡಿಯಾರ್ ಇನ್ನೊಮ್ಮೆ ಒತ್ತಿದರು. ‘ಆಯಿತು’ ಎಂದಿತು ಪರದೆ. ಗೇಟು ಇಳಿಯುತ್ತಲೇ ಇತ್ತು. ಅವರು ಮತ್ತೆ ಒತ್ತಿದರು. ಆಮೇಲೆ ಎಲ್ಲರೂ ಮಾಡುವ ಹಾಗೆ ಜೋರಾಗಿ ಒತ್ತಿದರು, ಜೋರಾಗಿ ಒತ್ತಿದರೆ ಕಬ್ಬಿಣಕ್ಕೆ ಕೇಳಿಸುತ್ತದೋ ಎಂಬಂತೆ. ‘ಆಯಿತು, ಆಯಿತು’ ಎನ್ನುತ್ತಲೇ ಇತ್ತು ಅದು.

“ಈಗ ಸ್ಪೇಸ್ ಕೊಡಿ,” ಎಂದಳು ವಿನಯಾ.

ಕೊಟ್ಟು ಒತ್ತಿದರು. ಗೇಟು ಗಡಗಡನೆ ನಡುಗಿ ನಿಂತಿತು.

ಪಡಿಯಾರ್ ಕೀಬೋರ್ಡಿನಿಂದ ಕೈ ತೆಗೆದು ಸಣ್ಣ ದನಿಯಲ್ಲಿ ಹೇಳತೊಡಗಿದರು. ಪುನರಾವರ್ತನೆಯನ್ನು ನೆನಪಿಡಬೇಡ ಎಂದಷ್ಟೇ ಅವರು ಮೊದಲು ಯಂತ್ರಕ್ಕೆ ಹೇಳಿದ್ದರು. ಎರಡು ವರ್ಷದ ಹಿಂದೆ ಸಂದೇಶಗಳ ದಟ್ಟಣೆ ಕಡಿಮೆಯಾಗಲೆಂದು ಅದೇ ಜರಡಿಯನ್ನು ಆಜ್ಞೆ ಕಳಿಸುವ ಮುಂಚಿನ ಹಂತಕ್ಕೂ ಹಾಕಿದ್ದರು. ಮೊದಲನೆಯ ‘ನಿಲ್ಲಿಸು’ ಗಾಳಿಯಲ್ಲಿ ಕಳೆದುಹೋಗಿತ್ತು. ಉಳಿದವನ್ನೆಲ್ಲ ಹಿನ್ನೋಟ, ಇದು ಆಗಲೇ ಹೇಳಿದ್ದಲ್ಲವೇ ಎಂದು ಕಸಕ್ಕೆ ಹಾಕಿತ್ತು. ಹಳೆಯ ಕನ್ಸೋಲಿನ ನಿಯಮ ಇಲ್ಲಿಯೂ ಉಳಿದಿದ್ದು, ಸ್ಪೇಸ್ ಕೊಟ್ಟದ್ದು ಚರಿತ್ರೆಯ ಲೆಕ್ಕಕ್ಕೇ ಬಾರದ್ದರಿಂದ ಜರಡಿಗೆ ಸಿಗದೆ ಗೇಟಿಗೆ ತಲುಪಿತ್ತು.

ಹೆಗ್ಡೆ ಗಂಟಲು ಸರಿಮಾಡಿಕೊಂಡರು. “ತಾಂತ್ರಿಕ ದೋಷ ಅಂತ ಬರೆಯುವ. ನಿಮ್ಮ ಹೆಸರು ಬರುದಿಲ್ಲ, ಆಯ್ತಲ್ಲ?”

“ಆಗಲಿಲ್ಲ!” ವಿನಯಾ ಮೇಜು ಗುದ್ದಿದಳು. “ನನ್ನ ಹೆಸರು ಬರ್ಬೇಕು. ಇವಳು ಕೂಗಿ ಕೂಗಿ ಹೇಳಿದ್ದಾಳೆ, ನಾವು ಅದನ್ನು ಅಳಿಸಿದ್ದೇವೆ ಅಂತ ಬರೀರಿ.”

“ಎಷ್ಟು ಸಲ ಅಂತ ಬರೆಯುದು?”

“ಲೆಕ್ಕ ನಾನು ಇಟ್ಟಿಲ್ಲ ಸಾರ್. ಅದಕ್ಕೇ ಅಲ್ವಾ ನೀವು ಇದನ್ನು ತಂದು ಇಟ್ಟದ್ದು?”

ಪಡಿಯಾರ್ ಎದ್ದು ಲೀಲಾವತಿಯ ಮುಂದೆ ನಿಂತು ಏನೋ ಹೇಳಲು ಹೋದರು. ಅವಳು ಅವರನ್ನು ದಾಟಿ ಹೆಗ್ಡೆಯವರ ಮೇಜಿನ ಮೇಲೆ ತನ್ನ ಫೋನ್ ಇಟ್ಟಳು.

“ಸೈರನ್ ಕೂಗುದಿಲ್ಲ ಅಂತ ನಾನು ನಿಮ್ಮ ಗೇಟು ಮಂಡಳಿಗೆ ದೂರು ಕೊಟ್ಟಿದ್ದೆ ಸಾರ್.”

“ಹೌದಮ್ಮ, ನೋಡಿದ್ದೇನೆ. ಬೆಂಗ್ರೆಯಿಂದ ಬಂದದ್ದು ಅದೊಂದೇ ದೂರು. ಒಂದೇ ಅಂತ ರಿಪೇರಿಯನ್ನು ಸ್ವಲ್ಪ ಮುಂದೆ ಹಾಕಿದ್ದು.”

“ಒಂದಲ್ಲ. ಮಳೆಗಾಲ ಶುರುವಾದಾಗಿಂದ ಬರೀತಾ ಇದ್ದೇನೆ, ನಮ್ಮ ಓಣಿಯವರೂ ಬರ್ದಿದ್ದಾರೆ. ಪ್ರತಿ ಸಲ ಇದೇ ಬಂದದ್ದು.” ಪರದೆಯ ಮೇಲೆ ಉದ್ದಕ್ಕೂ ಒಂದೇ ಉತ್ತರ: ‘ಈ ದೂರು ಈಗಾಗಲೇ ದಾಖಲಾಗಿದೆ. ಧನ್ಯವಾದಗಳು.’

ಪಡಿಯಾರ್ ತಲೆ ತಗ್ಗಿಸಿದರು. ದೂರಿನ ವಿಭಾಗಕ್ಕೂ ಅವರದೇ ಹಿನ್ನೋಟ ಹಾಕಿದ್ದರು.

ಲೀಲಾವತಿ ಆ ದಿನ ಮೊದಲ ಬಾರಿಗೆ ವಿನಯಾಳ ಮುಖ ನೋಡಿದಳು.

“ನಾನು ಎಲ್ಲಿ ಸ್ಪೇಸ್ ಕೊಡ್ಬೇಕಿತ್ತು, ಅಕ್ಕ?”